ತಾನಾಗಿ ಮುಚ್ಚಿಕೊಳ್ಳುವ ಬಾಗಿಲು

ಬಾಗಿಲು ಮುಚ್ಚಿಕೊಳ್ಳುತ್ತಿರಲಿಲ್ಲ ಎಂದು ಮಗುವಿನ ತಾಯಿ ಹೇಳಿದ್ದಳು.

ಲೋರ್ನಾ ಅದನ್ನು ಪೂರ್ತಿ ತೆರೆದು ಕೈಬಿಟ್ಟಳು. ಬಾಗಿಲು ಸರ್ರನೆ ಬಂದು ಮುಚ್ಚಿಕೊಂಡಿತು. ಚಿಲಕ ಟಕ್ಕೆಂದು ಬಿತ್ತು. ಅರ್ಧ ತೆರೆದು ಬಿಟ್ಟಳು. ಮತ್ತೆ ಟಕ್. ಒಂದು ಗೇಣು ತೆರೆದು ಬಿಟ್ಟಳು. ಆಗಲೂ ಟಕ್.

ಬಾಗಿಲಿನಾಚೆ ಈಜುಕೊಳ. ಕೊಳದ ಸುತ್ತಲೂ, ಮೇಲೂ, ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿದ ಕಪ್ಪು ಜಾಲರಿ. ಬಾಗಿಲೂ ಅಂಥದೇ. ನೀರಿನ ಮೇಲೆ ಮಗುವಿನ ಹಳದಿ ಚಪ್ಪಲಿಯೊಂದು ಇನ್ನೂ ತೇಲುತ್ತಿತ್ತು. ಮೂರು ವರ್ಷದ ಪಾಲೋಮಾ ಅಂದೇ, ಸೋಮವಾರ ಬೆಳಿಗ್ಗೆ, ಈ ಬಾಗಿಲು ದಾಟಿ ನೀರಿಗೆ ಬಿದ್ದಿದ್ದಳು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೇಸು ಪತ್ತೇದಾರರ ಕೈಗೆ ಬಂದದ್ದು ಆಮೇಲೆ. ಲೋರ್ನಾ ಕಿವೀಸ್ ಇಲ್ಲಿ ಬಂದು ನಿಲ್ಲುವಾಗ ಸಂಜೆಯಾಗಿತ್ತು. ಆದರೆ ಅರಿಜೋನಾದ ಜುಲೈಗೆ ಸಂಜೆ ಎನ್ನುವುದು ಹೆಸರಿಗಷ್ಟೇ. ಬಾಗಿಲ ಹಿಡಿ ಇನ್ನೂ ಕೈ ಸುಡುತ್ತಿತ್ತು. ಅಂಗಿಯ ಚುಂಗು ಸುತ್ತಿಕೊಂಡೇ ಅದನ್ನು ಹಿಡಿದಿದ್ದಳು.

"ನೋಡಿದ್ರಲ್ಲ ಮೇಡಂ?" ಪಕ್ಕದಲ್ಲಿದ್ದ ವೇಡ್ ಟಲ್ಲಿ ಕೇಳಿದ. ಆ ಬಡಾವಣೆಯ ಬಾಡಿಗೆ ಮನೆಗಳ ರಿಪೇರಿಯೆಲ್ಲ ಇವನದೇ. "ಬಾಗಿಲಿಗೆ ಏನೂ ಆಗಿಲ್ಲ. ಜೂನ್‌ನಲ್ಲೇ ಹೊಸ ಸ್ಪ್ರಿಂಗ್ ಹಾಕಿದೀನಿ. ಕೆಳಗಿನ ಜಾಲರಿ ಬಿಸಿಲಿಗೆ ಪುಡಿಪುಡಿ ಆಗಿತ್ತು, ಅದನ್ನೂ ಬದಲಾಯಿಸಿದೀನಿ."

"ಎಷ್ಟೊತ್ತಲ್ಲಿ ಮಾಡಿದ್ರಿ?"

"ಬೆಳಗಿನ ಜಾವ. ಹತ್ತು ಗಂಟೆ ಮೇಲೆ ಈ ಊರಲ್ಲಿ ಅಲ್ಯೂಮಿನಿಯಂ ಮುಟ್ಟೋನು ಹುಚ್ಚ."

"ಹಾಗಾದ್ರೆ ಬಾಗಿಲು ತೆರೆದಿದ್ದು ಹೇಗೆ?"

ವೇಡ್ ಗೋಡೆಯ ಪಕ್ಕದ ಕಳ್ಳಿ ಕುಂಡದತ್ತ ಗದ್ದ ಎತ್ತಿ ತೋರಿಸಿದ. "ಆ ತಾಯಿ ಅದನ್ನ ಅಡ್ಡ ಇಟ್ಟು ಬಾಗಿಲು ತೆರೆದೇ ಬಿಡ್ತಿದ್ಲು. ನಾನು ಹೇಳಿ ಹೇಳಿ ಸಾಕಾಯ್ತು. ಮಗು ಕಳ್ಕೊಂಡೋಳು, ಈಗ ಏನು ಅನ್ನೋದು ಬಿಡಿ."

ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಲೋರ್ನಾ ಜಾಲರಿಯನ್ನು ಬೆರಳಿನಿಂದ ಒತ್ತಿದಳು. ತಮಟೆಯ ಹಾಗೆ ಬಿಗಿಯಾಗಿತ್ತು. ಅದನ್ನು ಅಂಚಿನಲ್ಲಿ ಹಿಡಿದಿಡುವ ರಬ್ಬರ್ ಹುರಿ ಒಂದು ಕಡೆಯೂ ಉಬ್ಬಿರಲಿಲ್ಲ. ಅವಳ ಅಪ್ಪನದೂ ಜಾಲರಿ ಅಂಗಡಿಯೇ. ಬೇಸಿಗೆ ರಜೆಯೆಲ್ಲ ಅವಳು ಕತ್ತಲಲ್ಲೇ ಎದ್ದು ಅಪ್ಪನ ಜೊತೆ ಚೌಕಟ್ಟಿನ ಸಂದಿಗೆ ಹುರಿ ಒತ್ತುತ್ತಿದ್ದಳು. ಒಳ್ಳೆಯ ಕೆಲಸ ಕಂಡರೆ ಅವಳಿಗೆ ಗೊತ್ತಾಗುತ್ತಿತ್ತು. ಇದು ಒಳ್ಳೆಯ ಕೆಲಸ. ಬಾಗಿಲು ಸರಿಯಾಗಿದೆ ಎಂದು ವರದಿ ಬರೆದು ಕಳಿಸಿದಳು.

* * *

ಯೆಸೆನಿಯಾ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಮಗಳನ್ನು ನೀರಿನಿಂದ ಎತ್ತುವಾಗ ಹಾಕಿಕೊಂಡಿದ್ದ ಬಟ್ಟೆಯೇ ಇನ್ನೂ ಮೈಮೇಲಿತ್ತು. ಮಡಿಲಲ್ಲಿ ಹಾಲಿನ ಬಾಟಲಿ ಇತ್ತು. ಕುಡಿಯುವ ಮಗು ಇರಲಿಲ್ಲ. ಎಂಟು ತಿಂಗಳ ನಿಕೋನನ್ನು ಮಕ್ಕಳ ರಕ್ಷಣೆಯವರು ಕರೆದುಕೊಂಡು ಹೋಗಿದ್ದರು.

"ಅವನು ಬೇರೆಯವರ ಕೈಲಿ ಕುಡಿಯಲ್ಲ ಮೇಡಂ," ಎಂದಳು. "ಯಾರಾದ್ರೂ ಅವರಿಗೆ ಹೇಳಿ."

"ಹೇಳಿಸ್ತೀನಿ. ಆ ಬಾಗಿಲು ನಾನೇ ನೋಡ್ದೆ, ಯೆಸೆನಿಯಾ. ಮುಚ್ಕೊಳ್ತಾ ಇದೆ."

"ಇಲ್ಲ. ಅರ್ಧಕ್ಕೇ ನಿಂತ್ಬಿಡತ್ತೆ. ವೇಡ್‌ಗೆ ಎಷ್ಟು ಸಲ ಫೋನ್ ಮಾಡಿದೀನಿ! ನಾಳೆ ಬರ್ತೀನಿ, ನಾಳೆ ಬರ್ತೀನಿ ಅಂತಾನೆ."

"ಕುಂಡ?"

ಯೆಸೆನಿಯಾ ತಲೆ ತಗ್ಗಿಸಿದಳು. "ಅದು ಬಾಗಿಲು ಮುಚ್ಚಿರಲಿ ಅಂತ. ಹೊರಗಿಂದ ಒತ್ತಿ ಇಡ್ತಿದ್ದೆ. ಭಾನುವಾರ ಧೂಳು ಬಂತಲ್ಲ, ಬೆಳಿಗ್ಗೆ ಅಂಗಳ ಗುಡಿಸೋಕೆ ಪಕ್ಕಕ್ಕೆ ಸರಿಸ್ದೆ. ಅಷ್ಟರಲ್ಲಿ ನಿಕೋ ಅತ್ತ. ಒಳಗೆ ಹೋದೆ." ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು. "ವಾಪಸ್ ಇಡಲಿಲ್ಲ ಮೇಡಂ ನಾನು."

"ಬಾಗಿಲು ತೊಳೆದ್ಯಾ?"

"ಇಲ್ಲ. ಗುಡಿಸಿದ್ದೇ ಅರ್ಧ."

ಲೆಫ್ಟಿನೆಂಟ್ ಬ್ರಿಗ್ಸ್ ಹೊರಗೆ ಕಾಯುತ್ತಿದ್ದ. ಮರುದಿನ ಮಧ್ಯಾಹ್ನ ನ್ಯಾಯಾಧೀಶರ ಮುಂದೆ ವಿಚಾರಣೆ. ನಿರ್ಲಕ್ಷ್ಯದಿಂದ ಮಗು ಸತ್ತಿದೆ ಎಂದಾದರೆ ತಾಯಿ ಜೈಲಿಗೆ, ನಿಕೋ ಅಪರಿಚಿತರ ಮನೆಗೆ.

"ಬಾಯಿಬಿಟ್ಟು ಒಪ್ಕೊಂಡ್ಲಲ್ಲ, ಇನ್ನೇನು?" ಎಂದ ಬ್ರಿಗ್ಸ್.

"ಒಪ್ಪಿಕೊಂಡಿದ್ದು ಕುಂಡದ ವಿಷಯ. ಬಾಗಿಲಿನದಲ್ಲ."

"ಬಾಗಿಲು ಸರಿ ಇದೆ ಅಂತ ಬರೆದೋಳು ನೀನೇ ತಾನೆ? ಅವಳ ಕಣ್ಣೀರಿಗೆ ಕರಗ್ಬೇಡ ಮಾರಾಯ್ತಿ."

ಲೋರ್ನಾ ಕಾರಿನ ಕೀಲಿ ತೆಗೆದುಕೊಂಡಳು. ಆ ವರದಿಯೇ ಈಗ ಯೆಸೆನಿಯಾಳ ವಿರುದ್ಧದ ಸಾಕ್ಷಿಯಾಗಿತ್ತು.

* * *

ಮನೆಗೆ ಹೋಗುವ ದಾರಿಯಲ್ಲಿ ಕಾರಿನ ಗಾಜಿನಾಚೆ ಏನೂ ಕಾಣದೆ ಅದಕ್ಕೆ ನೀರು ಹಾಯಿಸಿದಳು. ಭಾನುವಾರ ಸಂಜೆ ಈ ವರ್ಷದ ಮೊದಲ ಧೂಳಿನ ಬಿರುಗಾಳಿ ಬಂದಿತ್ತು. ಊರಿನ ಕಾರು, ಕಿಟಕಿ, ಒಣಹಾಕಿದ ಬಟ್ಟೆ, ಎಲ್ಲಕ್ಕೂ ಕೆಂಪು ಬಣ್ಣ ಬಳಿದು ಹೋಗಿತ್ತು. ಯೆಸೆನಿಯಾಳ ಮನೆಯ ಕಪ್ಪು ಜಾಲರಿಗಳೂ ಧೂಳು ಹಿಡಿದು ಕೆಂಪಗಾಗಿದ್ದವು.

ಬಾಗಿಲು ಮಾತ್ರ ಕಪ್ಪಗೆ ಹೊಳೆಯುತ್ತಿತ್ತು.

ಸಂಜೆ ಅದನ್ನು ನೋಡಿದ್ದಳು. ತಾಯಿ ತೊಳೆದಿಲ್ಲ ಎಂದಾಗ, ಮಗುವನ್ನು ಉಳಿಸಲು ಬಂದವರು ನೀರು ಚೆಲ್ಲಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು. ಈಗ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದಳು.

"ನೀರಾ?" ಎಂದ ಆ ಕಡೆಯವನು. "ಬಾಗಿಲ ಹತ್ತಿರ ಒಂದು ಹನಿಯೂ ಹಾಕಿಲ್ಲ. ಎತ್ಕೊಂಡು ಓಡಿದ್ವಿ ಅಷ್ಟೆ."

ಬೆಳಕು ಹರಿಯುವಾಗ ಲೋರ್ನಾ ಮತ್ತೆ ಆ ಅಂಗಳದಲ್ಲಿದ್ದಳು. ಅಂಗಳ ನಿಜಕ್ಕೂ ಅರ್ಧವೇ ಗುಡಿಸಿತ್ತು. ಪೊರಕೆ ಅಲ್ಲೇ ಬಿದ್ದಿತ್ತು. ಬಾಗಿಲ ಕಡೆ ತಿರುಗಿದಳು. ತಿರುಗಿದವಳು ಹಾಗೇ ನಿಂತಳು.

ಸಂಜೆ ತಮಟೆಯಂತಿದ್ದ ಜಾಲರಿ ಈಗ ಹೊಟ್ಟೆ ಬಿಟ್ಟುಕೊಂಡು ಜೋತು ಬಿದ್ದಿತ್ತು.

ಇದಕ್ಕೆ ಪಾಠ ಬೇಕಿರಲಿಲ್ಲ. ಅಪ್ಪ ಬೆಳಗಿನ ಜಾವ ಎಬ್ಬಿಸುತ್ತಿದ್ದದ್ದು ಇದಕ್ಕಾಗಿಯೇ. ಬಿಸಿಲಿಗೆ ಚೌಕಟ್ಟು ಹಿಗ್ಗುತ್ತದೆ. ಹಿಗ್ಗಿದಾಗ ಜಾಲರಿ ಬಿಗಿದರೆ ತಂಪಾದಾಗ ಚೌಕಟ್ಟು ಕುಗ್ಗಿ ಜಾಲರಿ ಸಡಿಲವಾಗುತ್ತದೆ. ಬೆಳಗಿನ ಜಾವ ಬಿಗಿದ ಜಾಲರಿ ಹೀಗೆ ಜೋತು ಬೀಳುವುದಿಲ್ಲ. ಸುತ್ತಲಿನ ಹಳೆಯ ಜಾಲರಿಗಳನ್ನು ಒತ್ತಿ ನೋಡಿದಳು. ಎಲ್ಲವೂ ಬಿಗಿ.

ವೇಡ್ ಈ ಬಾಗಿಲ ಕೆಲಸ ಮಾಡಿದ್ದು ಸುಡುಬಿಸಿಲಲ್ಲಿ. ತಾನೇ ಹುಚ್ಚ ಎಂದು ಕರೆದವನ ಹಾಗೆ. ಲೋರ್ನಾ ಫೋನ್ ತೆಗೆದಳು.

* * *

"ನಿನ್ನೆ ಆಂಬುಲೆನ್ಸ್ ಹೋದ್ಮೇಲೆ ಇಲ್ಲಿ ಕಾವಲಿದ್ದೋನು ನೀನು ತಾನೆ?" ಫೋನಿನಲ್ಲಿ ಕೇಳಿದಳು.

"ಹೌದು ಮೇಡಂ," ಎಂದ ಪೇದೆ ಟಿಬೆಟ್ಸ್. ನಿದ್ದೆಗಣ್ಣಿನ ದನಿ.

"ಎಲ್ಲಿ ನಿಂತಿದ್ದೆ?"

"ಮನೆ ಮುಂದೆ."

"ನಿಂತಿದ್ಯೋ, ಕೂತಿದ್ಯೋ?"

"ಕಾರಲ್ಲಿ ಕೂತಿದ್ದೆ. ಎಸಿ ಹಾಕ್ಕೊಂಡು. ಹೊರಗೆ ನಿಂತ್ರೆ ನಾನೇ ಹೋಗ್ಬಿಡ್ತಿದ್ದೆ ಮೇಡಂ."

"ಹಿಂದಿನ ಓಣಿ ಗೇಟು?"

"ಅದು... ಅಲ್ಲಿಂದ ಕಾಣಲ್ಲ. ಆದ್ರೆ ಯಾರೂ ಬರಲಿಲ್ಲ. ಆ ರಿಪೇರಿಯವನು ಮಾತ್ರ ಬಂದು ಐಸ್ ನೀರು ಕೊಟ್ಟು ಹೋದ, ಪಾಪ."

"ಪಾಪವೇ ಸರಿ," ಎಂದು ಲೋರ್ನಾ ಫೋನ್ ಇಟ್ಟಳು.

* * *

ವೇಡ್ ಬಂದಾಗ ಬ್ರಿಗ್ಸ್ ಕೂಡ ಅಂಗಳದಲ್ಲಿದ್ದ, ಬೇಸರದ ಮುಖ ಹೊತ್ತು.

"ಜಾಲರಿ ಯಾಕೆ ಜೋತು ಬಿದ್ದಿದೆ ವೇಡ್?"

ವೇಡ್ ನೋಡಿದ. ಕತ್ತಿನ ನರ ಒಮ್ಮೆ ಎಗರಿತು. "ಆಯ್ತು, ಮಧ್ಯಾಹ್ನ ಹಾಕಿರ್ಬೋದು. ಜೂನ್ ತಿಂಗಳ ಮಾತು, ನೆನಪಿರತ್ತಾ? ಇನ್ನೂರು ಮನೆ ನೋಡ್ಬೇಕು ನಾನೊಬ್ಬನೇ."

"ಬಾಗಿಲು ತೊಳೆದಿದ್ದು?"

"ನನಗೇನು ಗೊತ್ತು? ಅವಳು ತೊಳೆದಿರ್ತಾಳೆ."

ಬ್ರಿಗ್ಸ್ ಹುಬ್ಬು ಹಾರಿಸಿದ. ಅದೂ ಆಗಬಹುದಾದದ್ದೇ ಎನ್ನುವಂತೆ.

ಲೋರ್ನಾ ಮೊಣಕಾಲೂರಿ ಕೂತಳು. ಚಾಕುವಿನ ತುದಿಯಿಂದ ಕೆಳಮೂಲೆಯ ರಬ್ಬರ್ ಹುರಿಯನ್ನು ಎಬ್ಬಿಸಿ ಮೆಲ್ಲಗೆ ಎಳೆದಳು. ಹುರಿ ಬಿಚ್ಚಿಕೊಂಡು ಬಂತು. ಅದರಡಿಯ ಸಂದಿಯಲ್ಲಿ ಬೆರಳಾಡಿಸಿ ಬೆರಳನ್ನು ಬ್ರಿಗ್ಸ್‌ಗೆ ತೋರಿಸಿದಳು.

ಕೆಂಪು ಕೆಸರು. ಹಸಿ ಕೆಸರು.

"ಇದು ಹುರಿ ಮೇಲೆ ಇದ್ದಿದ್ರೆ ಅವಳು ತೊಳೆದಳು ಅಂತ ನಂಬ್ತಿದ್ದೆ," ಎಂದಳು. "ಇದು ಹುರಿಯ ಕೆಳಗಿದೆ. ಹುರಿ ಹಾಕೋಕೆ ಮುಂಚೆ ಬಂದಿದ್ದು. ಈ ವರ್ಷ ಧೂಳು ಬಂದಿದ್ದು ಮೊನ್ನೆ ಭಾನುವಾರವೇ ಮೊದಲು. ಜೂನ್‌ನಲ್ಲಿ ಹಾಕಿದ ಹುರಿ ಕೆಳಗೆ ಅದು ಹೇಗೆ ಹೋಯ್ತು? ಈ ಊರಲ್ಲಿ ಒಂದು ತಿಂಗಳು ಹಸಿಯಾಗಿ ಉಳಿಯೋದು ಏನಿದೆ?"

ವೇಡ್‌ನತ್ತ ತಿರುಗಿದಳು.

"ಭಾನುವಾರ ಕತ್ತಲಾಗೋವರೆಗೂ ಧೂಳು. ಸೋಮವಾರ ಬೆಳಿಗ್ಗೆ ಮಾಡಿದ್ದಿದ್ರೆ ಜಾಲರಿ ಜೋತು ಬೀಳ್ತಿರಲಿಲ್ಲ. ಸಂಜೆ ನಾನು ಬಂದಾಗ ಬಾಗಿಲು ಸರಿಯಾಗಿತ್ತು. ಉಳಿದಿದ್ದು ಒಂದು ಮಧ್ಯಾಹ್ನ. ಮಗು ಆಸ್ಪತ್ರೇಲಿ, ತಾಯಿ ಅದರ ಪಕ್ಕ, ಪೇದೆ ಕಾರಲ್ಲಿ. ನೀನು ಅವನಿಗೆ ನೀರು ಕೊಟ್ಟು, ಓಣಿ ಕಡೆಯಿಂದ ಒಳಗೆ ಬಂದೆ."

"ಲೋರ್ನಾ," ಬ್ರಿಗ್ಸ್ ತಗ್ಗಿದ ದನಿಯಲ್ಲಿ ಕೇಳಿದ, "ಕದ್ದು ಮಾಡೋನು ತೊಳ್ಕೊಂಡು ಯಾಕೆ ಕೂತ?"

"ಈ ಕಸುಬಿನೋರು ಧೂಳಿನ ಸಂದಿಗೆ ಹುರಿ ಒತ್ತಲ್ಲ ಸರ್. ಮರಳು ಜಾಲರಿಯನ್ನ ಕುಯ್ದುಬಿಡತ್ತೆ. ತೊಳೀಬೇಕು, ಒಣಗೋಕೆ ಬಿಡ್ಬೇಕು. ಅವನ ಕೈ ಅಭ್ಯಾಸಬಲದಿಂದ ತೊಳೀತು. ಒಣಗೋವರೆಗೆ ಕಾಯೋಕೆ ಧೈರ್ಯ ಇರಲಿಲ್ಲ."

ವೇಡ್ ನೆಲದ ಮೇಲೆ ಕುಸಿದು ಕೂತ. ಭಾರೀ ಆಳು. ಕೂತಾಗ ಇನ್ನೂ ಭಾರಿಯಾಗಿ ಕಂಡ.

"ಸ್ಪ್ರಿಂಗ್ ನನ್ನ ಟ್ರಕ್ಕಲ್ಲೇ ಇತ್ತು," ಎಂದ. "ತಿಂಗಳಿಂದ ಇತ್ತು. ಈ ಮನೆ ಮುಂದೇನೇ ದಿನಾ ಹೋಗ್ತಿದ್ದೆ. ನಾಳೆ ಮಾಡಿದ್ರಾಯ್ತು ಅಂತ. ಆಂಬುಲೆನ್ಸ್ ನೋಡಿದ್ಮೇಲೆ ಕೈಕಾಲು ಆಡಲಿಲ್ಲ."

"ಚೆನ್ನಾಗೇ ಆಡಿದವು," ಎಂದಳು ಲೋರ್ನಾ. "ನಾಳೆ ನಾಳೆ ಅಂದಿದ್ದು ಒಂದು. ಅದನ್ನ ಮುಚ್ಚಿ ಆ ತಾಯಿ ತಲೆಗೆ ಕಟ್ಟಿದೆಯಲ್ಲ, ಕುಂಡದ ಕಥೆ ಹೆಣೆದೆಯಲ್ಲ, ಅದನ್ನ ನಾನು ಸೋಮಾರಿತನ ಅನ್ನಲ್ಲ. ಏಳು."

ಬ್ರಿಗ್ಸ್ ಕೈಕೋಳ ತೆಗೆದ. ಟ್ರಕ್ಕಿನ ಸೀಟಿನಡಿ ಮುರಿದ ಹಳೆಯ ಸ್ಪ್ರಿಂಗ್ ಸಿಕ್ಕಿತು. ಹಳೆಯ ಜಾಲರಿ ಮುದುರಿಕೊಂಡು ಅದರ ಜೊತೆಯೇ ಇತ್ತು. ಬಿಡಿಸಿ ಝಾಡಿಸಿದಾಗ ಕೆಂಪು ಧೂಳು ಉದುರಿತು.

* * *

ಮಧ್ಯಾಹ್ನ ನ್ಯಾಯಾಧೀಶರ ಮುಂದೆ ಲೋರ್ನಾ ತನ್ನ ವರದಿ ತಪ್ಪು ಎಂದು ತಾನೇ ಹೇಳಿದಳು. ತಾಯಿಯ ಮೇಲಿನ ಆರೋಪ ಬಿದ್ದುಹೋಯಿತು. ಸಂಜೆ ನಿಕೋನನ್ನು ಕರೆತಂದರು. ಅವನು ಅತ್ತು ಅತ್ತು ದನಿ ಕಳೆದುಕೊಂಡಿದ್ದ. ಯೆಸೆನಿಯಾ ಅವನನ್ನು ಎದೆಗವಚಿಕೊಂಡು ಠಾಣೆಯ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಲೋರ್ನಾ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು, ಧೂಳು, ಜಾಲರಿ, ಕೆಸರು, ಯಾವುದನ್ನೂ ಬಿಡದೆ. ಇನ್ನು ಇವಳಿಗೆ ಸ್ವಲ್ಪ ಹಗುರಾದೀತು ಎಂಬ ಆಸೆ ಲೋರ್ನಾಳದು.

ಯೆಸೆನಿಯಾ ಎಲ್ಲ ಕೇಳಿಸಿಕೊಂಡಳು. ಮಗನ ಬೆನ್ನು ತಟ್ಟುತ್ತಿದ್ದ ಕೈ ನಿಂತಿತು.

"ಆ ರಿಪೇರಿಗೆ ಎಷ್ಟು ಹೊತ್ತು ಹಿಡೀತಂತೆ ಅವನಿಗೆ?"

ಲೋರ್ನಾಗೆ ಉತ್ತರ ಗೊತ್ತಿತ್ತು. ವೇಡ್ ಹೇಳಿಕೆ ಕೊಡುವಾಗ ಹೇಳಿದ್ದ. ಸುಳ್ಳು ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು.

"ಅರ್ಧ ಗಂಟೆ," ಎಂದಳು.