ನುಡಿ-ನಡೆ ಬಳೆ

ಸೋಮವಾರ ಬೆಳಗ್ಗೆ ಏಳಕ್ಕೇ ಇಂದುಮತಿಯವರ ಎಡಗೈಯ ಬಳೆ 'ಟಿಣ್' ಎಂದಿತು. ಪಾಪ, ಅವರು ಮಾಡಿದ ಅಪರಾಧವಾದರೂ ಏನು? ಪೂಜೆ ಮುಗಿದಿತ್ತು. "ದೀಪ ದೊಡ್ಡದು ಮಾಡ್ತೀನಿ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಹೂವಿನಿಂದ ಕುಡಿ ಅದುಮಿ ಆರಿಸಿದ್ದರು. ಹತ್ತು ಗಂಟೆಗೆ ಎದುರು ಕೋಣೆಯ ರೇವಮ್ಮನ ಜೊತೆ ಹರಟೆ ಮುಗಿಸಿ "ಬರ್ತೀನಿ" ಎಂದು ಹೊರಟರು. ಮತ್ತೆ ಟಿಣ್. ವಾರ ಕಳೆಯುವಷ್ಟರಲ್ಲಿ ಟಿಣ್‌ಗಳು ನಲವತ್ತು ದಾಟಿ, ವರದಿ ಬಂದೇಬಿಟ್ಟಿತು: ಇವರನ್ನು ಮೂರನೆಯ ಮಹಡಿಗೆ ಸಾಗಿಸತಕ್ಕದ್ದು.

ಇದು ನಡೆದದ್ದು 2064ರಲ್ಲಿ, ತುಮಕೂರಿನ ಅಮಾನಿಕೆರೆ ದಂಡೆಯ 'ಸಂಜೆಮಲ್ಲಿಗೆ' ಹಿರಿಯರ ನಿವಾಸದಲ್ಲಿ. ಅಲ್ಲಿ ನಾಲ್ಕು ಮಹಡಿ. ಮೊದಲನೆಯದರಲ್ಲಿ ಸ್ವಂತ ಒಲೆ, ಸ್ವಂತ ಬೀಗದ ಕೈ. ಎರಡನೆಯದರಲ್ಲಿ ಸ್ನಾನಕ್ಕೆ, ಮಾತ್ರೆಗೆ ಒಬ್ಬರ ಆಸರೆ. ಮೂರನೆಯದು ಮರೆವು ಹತ್ತಿದವರಿಗೆ. ಅಲ್ಲಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ನಾಲ್ಕನೆಯದು ಹಾಸಿಗೆ ಹಿಡಿದವರಿಗೆ. ಅಪ್ಪ ಅಮ್ಮ ಯಾವ ಮಹಡಿಯಲ್ಲಿರಬೇಕು ಎಂದು ಕಿತ್ತಾಡಿ ಅಣ್ಣತಮ್ಮಂದಿರು ಮಾತು ಬಿಡುತ್ತಿದ್ದರು. ಆ ರಗಳೆ ತಪ್ಪಿಸಲೆಂದೇ ಡಾಕ್ಟರ್ ಸಿಂಚನಾ ಈ ಬಳೆ ಕಂಡುಹಿಡಿದದ್ದು. ಬಳೆ ನಮ್ಮ ಮಾತು ಕೇಳುತ್ತದೆ, ಓಡಾಟ ಗಮನಿಸುತ್ತದೆ, ಫೋನಿನಲ್ಲಿ ಹಿಂದೆ ಆಡಿದ ಮಾತನ್ನೂ ಓದಿಕೊಳ್ಳುತ್ತದೆ. ಆಡುವುದೊಂದು ಮಾಡುವುದೊಂದು ಆಗತೊಡಗಿದರೆ ಮಿದುಳು ಸೋಲುತ್ತಿದೆ ಎಂದು ಅದರ ಲೆಕ್ಕ. ಈ ಅಳತೆಗೆ 'ನುಡಿ-ನಡೆ ಅಂತರ' ಎಂದು ಹೆಸರು. ಹೆಸರೇನೋ ಬಲು ಚೆನ್ನಾಗಿತ್ತು. ಫಜೀತಿ ಏನೆಂದರೆ, ಇಂದುಮತಿ ಈ ಸಿಂಚನಾಳ ಹೆತ್ತ ತಾಯಿ.

ಮೈಸೂರಿನ ಪ್ರಯೋಗಾಲಯ ಬಿಟ್ಟು ಸಿಂಚನಾ ಓಡೋಡಿ ಬಂದಳು. ವರದಿಗೆ ಮಗಳ ಸಹಿ ಬಿದ್ದರೆ ಅಮ್ಮನ ಒಲೆಯೂ ಹೋಯಿತು, ಬೀಗದ ಕೈಯೂ ಹೋಯಿತು. ಹಾಕದಿದ್ದರೆ, ತನ್ನ ಬಳೆಯನ್ನು ತಾನೇ ನಂಬದವಳು ಎಂದು ಊರೆಲ್ಲ ನಗುತ್ತದೆ.

"ಬೇರೆಯವರಾಗಿದ್ರೆ ಇಷ್ಟ್ಹೊತ್ತಿಗೆ ಮೇಲಕ್ಕೆ ಕಳಿಸಿಬಿಡ್ತಿದ್ವಿ ಮೇಡಂ" ಎಂದ ನಿವಾಸದ ವ್ಯವಸ್ಥಾಪಕ ಲೋಹಿತ್.

"ಮೇಲಕ್ಕೆ ಕಳಿಸೋ ಮಾತನ್ನ ನನ್ನೆದುರಿಗೇ ಆಡ್ತೀಯಲ್ಲಪ್ಪ!" ಎಂದು ಇಂದುಮತಿ ಬೀಗದ ಕೈಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡರು.

ಸಿಂಚನಾ ವರದಿ ಓದಿದಳು. 'ದೀಪ ದೊಡ್ಡದು ಮಾಡುವೆ ಎಂದರು, ಆರಿಸಿದರು. ಬರುವೆ ಎಂದರು, ಹೋದರು.'

"ದೀಪ ಆರಿಸ್ತೀನಿ ಅಂತ ಯಾರಾದ್ರೂ ಬಾಯ್ಬಿಟ್ಟು ಹೇಳ್ತಾರೇನೇ?" ಅಮ್ಮ ರೇಗಿದರು. "ಹೋಗ್ತೀನಿ ಅಂದ್ರೆ ನಿಮ್ಮಜ್ಜಿ ಬಾಯ್ಮೇಲೆ ಹೊಡೀತಿದ್ರು. ಬರ್ತೀನಿ ಅಂತ್ಲೇ ಹೋಗ್ಬೇಕು. ನಿನ್ನ ಬಳೆಗೆ ಅಷ್ಟೂ ಗೊತ್ತಿಲ್ವಾ?"

ಸಿಂಚನಾಗೆ ನಗು ತಡೆಯಲಾಗಲಿಲ್ಲ. ಹಿಂದೆಯೇ ನಾಚಿಕೆಯೂ ಆಯಿತು. ಬಳೆಗೆ ಅವಳು ಕನ್ನಡ ಕಲಿಸಿದ್ದು ವಾರ್ತೆಗಳಿಂದ, ಕಚೇರಿಯ ಸಭೆಗಳಿಂದ. ಅಲ್ಲಿ ಯಾರು ದೀಪ ದೊಡ್ಡದು ಮಾಡುತ್ತಾರೆ? ಕೂತಲ್ಲೇ ಕಂಪ್ಯೂಟರ್ ತೆರೆದು ದೀಪದ ಮಾತನ್ನು ತಿದ್ದಿದಳು. 'ಬರ್ತೀನಿ'ಗೆ ಹೊಸ ನಿಯಮ ಬರೆದಳು: ಹೇಳಿದವರು ಹೋದರೆ ತಪ್ಪಿಲ್ಲ, ಹೇಳಿದಂತೆ ಮರಳಿ ಬಂದರೆ ಸಾಕು. ಇಂದುಮತಿ ರೇವಮ್ಮನ ಕೋಣೆಗೆ ಮಧ್ಯಾಹ್ನದೊಳಗೆ ಮತ್ತೆ ಹಾಜರಾಗದ ದಿನವೇ ಇರಲಿಲ್ಲ. ಟಿಣ್‌ಗಳೆಲ್ಲ ಅಳಿಸಿಹೋದವು. ಮೊದಲನೆಯ ಮಹಡಿ ಖಾಯಂ!

"ಸರಿಯಾಯ್ತಾ ಅಂತ ನೀನೂ ಒಂದ್ಸಲ ಹಾಕ್ಕೊಂಡು ನೋಡು" ಎಂದು ಅಮ್ಮ ಬಳೆ ಬಿಚ್ಚಿ ಮಗಳ ಕೈಗೆ ತೊಡಿಸಿದರು.

ಬಳೆ ಅವಳ ಫೋನನ್ನು ಓದಿಕೊಂಡಿತು. ಆಮೇಲೆ ಟಿಣ್, ಟಿಣ್, ಟಿಣ್ ಎಂದು ಒಂದೇ ಸಮನೆ ಬಾರಿಸತೊಡಗಿತು. ಲೋಹಿತ್ ಪರದೆ ನೋಡಿ ಗಂಟಲು ಸರಿಮಾಡಿಕೊಂಡ.

"'ಈ ಭಾನುವಾರ ಖಂಡಿತ ಬರ್ತೀನಮ್ಮ' ಅಂದಿದ್ದು ಇಪ್ಪತ್ತೊಂಬತ್ತು ಸಲ. ಬಂದಿದ್ದು... ಮೇಡಂ, ನಿಮಗೆ ಮೂರನೇ ಮಹಡಿ ತೋರಿಸ್ತಿದೆ."

"ಅಲ್ಲಿ ಜಾಗ ಖಾಲಿ ಇದೆಯೇನಪ್ಪಾ?" ಎಂದು ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಸಿಂಚನಾ ನಗಲಿಲ್ಲ. ನಿಯಮವನ್ನು ಮತ್ತೊಮ್ಮೆ ತಿದ್ದಲು ಬೆರಳು ಹೋಯಿತು. ತಿದ್ದುವುದಕ್ಕೆ ಅಲ್ಲಿ ಏನೂ ತಪ್ಪಿರಲಿಲ್ಲ.

ಮುಂದೆ ಈ ಬಳೆ ಊರೂರಿಗೂ ಹೋಯಿತು, ಹಿರಿಯರ ಮಹಡಿಯನ್ನು ಸರಿಯಾಗಿಯೇ ಹೇಳಿತು. ಮಕ್ಕಳು ಮಾತ್ರ ಅದನ್ನು ಕೈಗೆ ಹಾಕಿಕೊಳ್ಳಲು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲವಂತೆ. ಸದ್ಯ, ನಮ್ಮ ಕಾಲಕ್ಕೆ ಇನ್ನೂ ಅದು ಬಂದಿಲ್ಲ; ನಾವು ಬಚಾವು.

ಅಂದು ಸಂಜೆ ಸಿಂಚನಾ ಚೀಲ ಹೆಗಲಿಗೇರಿಸಿ ಎದ್ದಳು. "ಬರ್ತೀನಮ್ಮ" ಎನ್ನಲು ಬಾಯಿ ತೆರೆದವಳಿಗೆ ಕೈಯಲ್ಲಿ ಬಳೆ ಇನ್ನೂ ಇರುವುದು ಕಂಡಿತು. ಬರ್ತೀನಿ ಎನ್ನಲು ಧೈರ್ಯ ಸಾಲದು. ಹೋಗ್ತೀನಿ ಎನ್ನಲು ನಾಲಿಗೆ ಬಾರದು. ಚೀಲ ಕೆಳಗಿಟ್ಟಳು.

"ರಾತ್ರಿಗೆ ಏನಮ್ಮ ಅಡುಗೆ?"

"ಬಸ್ಸಾರು ಕಣೇ" ಎಂದು ಅಮ್ಮ ಒಲೆ ಹಚ್ಚಿದರು.