ತುವೋ ನದಿಯಲ್ಲಿ ತುಳಿದ ಕಾಲು

ಬೆಳಗಿನ ಎಂಟೂವರೆಗೆ, ಚೀನಾದ ಫೆಂಗ್‌ಹುವಾಂಗ್ ಪಟ್ಟಣದಲ್ಲಿ, ತುವೋ ನದಿಯ ನಡುವೆ ಭರತೇಶ್ ಸುಮತಿಯ ಎಡಗಾಲನ್ನು ತುಳಿದ.

ಅಲ್ಲಿ ನದಿ ದಾಟಲು ಸಾಲಾಗಿ ಕಲ್ಲುಗಳನ್ನು ನೆಟ್ಟಿದ್ದಾರೆ. ಒಂದೊಂದು ಕಲ್ಲಿಗೆ ಒಂದೊಂದು ಹೆಜ್ಜೆ. ಎದುರಿನಿಂದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸು ಬಂದಳು. ದಾರಿ ಬಿಡಲು ಸುಮತಿ ನಿಂತಳು. ಹಿಂದಿದ್ದವನು ನಿಲ್ಲಲಿಲ್ಲ.

ತುಳಿದ ಮೇಲೆ ಅವನು ಕನ್ನಡದ ಮನೆಯಲ್ಲಿ ಬೆಳೆದ ಯಾರೇ ಆದರೂ ಮಾಡುವುದನ್ನೇ ಮಾಡಿದ. ಬಗ್ಗಿ, ಅವಳ ಪಾದ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡ. ಆಸ್ಟ್ರೇಲಿಯಾದ ಬ್ರಿಸ್ಬೇನ್ ಹತ್ತಿರದ ಇಪ್ಸ್‌ವಿಚ್‌ನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಎಕ್ಸ್‌-ರೇ ತೆಗೆದರೂ ಆ ಅಭ್ಯಾಸ ಹೋಗಿರಲಿಲ್ಲ.

"ಏಳೋ, ನೀರಿಗೆ ಬೀಳ್ತೀಯ," ಎಂದಳು ಸುಮತಿ. ಅವನ ಕಿವಿ ಕೆಂಪಾಗಿತ್ತು. ಅದು ಕೆಂಪಾಗುವುದನ್ನು ನೋಡಲು ಅವಳಿಗೆ ಇಷ್ಟ.

ದಡ ಸೇರಿದಾಗ ಅವರ ಗೈಡ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಹೆಸರು ಲೋಂಗ್ ಮೇ, ಅಲ್ಲಿಯ ಮಿಯಾವೊ ಸಮುದಾಯದವಳು. ನಿಧಾನವಾದ ಇಂಗ್ಲಿಷಿನಲ್ಲಿ ವಿವರಿಸಿದಳು: ಅವರ ಹಳ್ಳಿಗಳಲ್ಲಿ ಹಿಂದೆ ಹುಡುಗನಿಗೆ ಹುಡುಗಿ ಇಷ್ಟವಾದರೆ ಮೆಲ್ಲನೆ ಅವಳ ಕಾಲು ತುಳಿಯುತ್ತಿದ್ದ. ಅವಳಿಗೂ ಒಪ್ಪಿಗೆಯಿದ್ದರೆ ತಿರುಗಿ ತುಳಿಯುತ್ತಿದ್ದಳು.

"ಆಮೇಲೆ ಬಗ್ಗಿ ಮುಟ್ಟಿದ್ದು ಯಾಕೆ?" ಎಂದು ಕೇಳಿದಳು.

"ಅದು ನಮ್ಮಲ್ಲಿ ಸಾರಿ ಕೇಳೋ ರೀತಿ," ಎಂದಳು ಸುಮತಿ.

ಲೋಂಗ್ ಮೇ ಯೋಚಿಸಿದಳು. "ಅಂದರೆ ಇವರು ಪ್ರೀತಿ ಹೇಳಿ, ಹೇಳಿದ್ದಕ್ಕೆ ಕ್ಷಮೆ ಕೇಳಿದರು."

ಬ್ರಿಸ್ಬೇನ್, ಅಡಿಲೇಡ್, ಪರ್ತ್‌ಗಳಿಂದ ಬಂದಿದ್ದ ಕನ್ನಡಿಗರ ತಂಡವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಪ್ರವಾಸ ಏರ್ಪಡಿಸಿದ್ದ ವನಜಾ ಆಂಟಿ, ಅಡಿಲೇಡಿನ ಬ್ಲೇರ್ ಅಥಾಲ್‌ನವರು. "ಭರತೇಶ, ಕೊನೆಗೂ ಬಾಯಿ ಬಿಟ್ಟೆ. ಅದೂ ಕಾಲಲ್ಲಿ."

"ಅಯ್ಯೋ, ಇಲ್ಲ ಆಂಟಿ. ಆಕ್ಸಿಡೆಂಟ್ ಅದು. ಪ್ಯೂರ್ ಆಕ್ಸಿಡೆಂಟ್," ಎಂದ ಭರತೇಶ್. ಲೋಂಗ್ ಮೇ ಕಡೆಗೂ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ.

ಸುಮತಿಯ ನಗು ಅಲ್ಲಿಗೆ ನಿಂತಿತು.

ಅವಳು ನೀರು ಸರಬರಾಜಿನ ಎಂಜಿನಿಯರ್. ಬ್ರಿಸ್ಬೇನ್‌ನ ಇಂಡೂರೂಪಿಲ್ಲಿ ಬಡಾವಣೆಯ ಹತ್ತಿರದ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮುಗಿಸಿ ಪರ್ತ್‌ನಲ್ಲಿ ಕೆಲಸ ಹಿಡಿದಿದ್ದಳು. ಪ್ರವಾಸದಿಂದ ಮರಳಿದ ಮುಂದಿನ ವಾರವೇ ಹೊರಡಬೇಕು. ಬ್ರಿಸ್ಬೇನ್‌ನಿಂದ ಪರ್ತ್‌ಗೆ ವಿಮಾನದಲ್ಲೇ ಐದು ಗಂಟೆಗೂ ಹೆಚ್ಚು ದೂರ. ಓದಿದಷ್ಟು ಕಾಲವೂ ಶುಕ್ರವಾರಗಳ ಕಾಫಿ ಭರತೇಶನ ಜೊತೆ. ಇಬ್ಬರೂ ಮಾತಾಡದ ವಿಷಯವೊಂದೇ. ಈ ಪ್ರವಾಸದಲ್ಲಿ ಅವನು ಹೇಳದಿದ್ದರೆ ತಾನೇ ಕೇಳುವುದು ಎಂದು ಅವಳು ತೀರ್ಮಾನಿಸಿದ್ದಳು. ಅವನ ಉತ್ತರ ‘ಬೇಡ’ ಎಂದಾದರೆ ಪರ್ತ್‌ನಲ್ಲಿ ಅದನ್ನು ಮರೆಯಲು ಬೇಕಾದಷ್ಟು ಕೆಲಸವಿತ್ತು.

ಈಗ ಉತ್ತರ ಬಂದಂತಾಗಿತ್ತು. ಕೇಳುವ ಮೊದಲೇ, ಎರಡು ಭಾಷೆಗಳಲ್ಲಿ.

ಹಳೆಯ ಪಟ್ಟಣದ ಕಲ್ಲುಹಾಸಿನ ಬೀದಿಯಲ್ಲಿ ಅವಳು ಮುಂದೆ ನಡೆದಳು. ಬಾಡಿಗೆಗೆ ಮಿಯಾವೊ ಉಡುಪು ತೊಟ್ಟ ಹುಡುಗಿಯರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ತಲೆಯ ಕಿರೀಟ ಬೆಳ್ಳಿಯದಲ್ಲ, ಬರೀ ತಗಡು. ಆದರೂ ಬಿಸಿಲಿಗೆ ಚೆನ್ನಾಗಿ ಹೊಳೆಯುತ್ತಿತ್ತು. ಒಂದು ಅಂಗಡಿಯ ಬಾಗಿಲಲ್ಲಿ ಶುಂಠಿ ಮಿಠಾಯಿಯ ಪಾಕವನ್ನು ಗೋಡೆಯ ಕೊಕ್ಕೆಗೆ ಹಾಕಿ ಎಳೆಯುತ್ತಿದ್ದರು.

ವನಜಾ ಆಂಟಿ ಪಕ್ಕಕ್ಕೆ ಬಂದು ಮಿಠಾಯಿ ಕೊಟ್ಟರು. "ಮುಖ ಯಾಕೆ ಹಾಗೆ? ಕಾಲು ನೋವಾ?"

"ಇಲ್ಲ ಆಂಟಿ."

"ಹಾಗಾದ್ರೆ ಹೋಗಿ ವಿಚಾರಿಸು. ನಾನು ಇವರನ್ನೆಲ್ಲ ಟೀ ಕುಡಿಸೋಕೆ ಕರ್ಕೊಂಡು ಹೋಗ್ತೀನಿ. ಅರ್ಧ ಗಂಟೆ."

ಭರತೇಶ್ ನದಿಯ ಮೆಟ್ಟಿಲ ಮೇಲೆ ಕುಳಿತಿದ್ದ. ಎದುರು ದಡದಲ್ಲಿ ಕಂಬಗಳ ಮೇಲೆ ನಿಂತ ಮರದ ಮನೆಗಳು ನೀರಿನತ್ತ ಬಾಗಿದ್ದವು. ಕೆಳಗೆ ಅಜ್ಜಿಯೊಬ್ಬಳು ಮರದ ಹಲಗೆಯಿಂದ ಬಟ್ಟೆ ಬಡಿಯುತ್ತಿದ್ದಳು. ಸುಮತಿ ಒಂದು ಮೆಟ್ಟಿಲು ಮೇಲೆ ಕುಳಿತಳು.

"ಅಷ್ಟು ಸಲ ಆಕ್ಸಿಡೆಂಟ್ ಅನ್ನೋ ಅಗತ್ಯ ಇತ್ತಾ?"

"ಆಕ್ಸಿಡೆಂಟೇ ಅಲ್ವಾ?"

"ತುಳಿದದ್ದು ಆಕ್ಸಿಡೆಂಟ್. ಅಷ್ಟು ಗಾಬರಿ ಬಿದ್ದದ್ದು?"

ಅವನು ನದಿ ನೋಡಿದ, ಅಜ್ಜಿಯನ್ನು ನೋಡಿದ, ಆಮೇಲೆ ಸುಮತಿಯನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಎಲ್ಲರೂ ನಗ್ತಿದ್ರು ಸುಮತಿ. ನಾನು ನಿನ್ನ ಕೇಳಬೇಕು ಅಂತಿರೋದು ಜೋಕ್ ಥರ ಆಗೋದು ಬೇಡ ಅನ್ನಿಸ್ತು. ಕಾಲಲ್ಲಿ ಕೇಳೋಕೆ ನಂಗೆ ಬಾಯಿ ಇಲ್ವಾ?"

"ಇದೆಯಾ? ನಾಲ್ಕು ವರ್ಷದಿಂದ ಅನುಮಾನ ಇತ್ತು."

"ಜನವರಿಯಲ್ಲೇ ಕೇಳೋಣ ಅಂತಿದ್ದೆ. ನೀನು ಪರ್ತ್ ಕೆಲಸದ ಸುದ್ದಿ ಹೇಳಿದೆ. ಆಗ ಕೇಳಿದ್ರೆ ಹೋಗಬೇಡ ಅಂದ ಹಾಗಾಗ್ತಿತ್ತು."

"ನೀನು ಕೇಳಿದ ತಕ್ಷಣ ನಾನು ಕೆಲಸ ಬಿಟ್ಬಿಡ್ತೀನಿ ಅಂದ್ಕೊಂಡ್ಯಾ?"

"ಹಾಗಲ್ಲ."

"ಮತ್ತೆ? ನಾನು ಹೋಗೇ ಹೋಗ್ತೀನಿ ಭರತೇಶ್. ನೀನು ಕೇಳಿದ್ರೂ ಹೋಗ್ತೀನಿ, ಕೇಳದಿದ್ರೂ ಹೋಗ್ತೀನಿ. ಈಗ ಆರಾಮಾಗಿ ಕೇಳಬಹುದು."

ಅವನ ಕಿವಿ ಮತ್ತೆ ಕೆಂಪಾಯಿತು. ಆದರೆ ದನಿ ನಡುಗಲಿಲ್ಲ. "ನನ್ನ ಮದುವೆ ಆಗ್ತೀಯಾ? ಪರ್ತ್‌ನಲ್ಲೇ ಇರೋಣ. ಅಲ್ಲಿಯವರಿಗೂ ಮೂಳೆ ಮುರಿಯತ್ತೆ, ಎಕ್ಸ್‌-ರೇ ಬೇಕಾಗತ್ತೆ. ನನ್ನ ಕೆಲಸದ ರಿಜಿಸ್ಟ್ರೇಷನ್ ಇಡೀ ದೇಶಕ್ಕೆ ನಡೆಯತ್ತೆ."

"ರಿಜಿಸ್ಟ್ರೇಷನ್ ವಿಚಾರಿಸಿದ್ಯಾ?"

"ಜನವರಿಯಲ್ಲೇ."

ಅವಳಿಗೆ ತಡೆಯಲಾಗಲಿಲ್ಲ, ನಕ್ಕಳು. ಬಾಯಿ ಬಿಡಲು ಧೈರ್ಯ ಸಾಲದೆ, ಊರು ಬದಲಿಸುವ ಲೆಕ್ಕಾಚಾರ ಮಾತ್ರ ಮುಗಿಸಿಟ್ಟಿದ್ದ ಮನುಷ್ಯ. ಒಂದು ಮೆಟ್ಟಿಲು ಕೆಳಗಿಳಿದು ಪಕ್ಕದಲ್ಲಿ ಕುಳಿತಳು. ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ.

"ಆಗ್ತೀನಿ," ಎಂದಳು. "ಆದ್ರೆ ಅಲ್ಲಿ ಕೆಲಸ ಸಿಕ್ಕ ಮೇಲೇ ಈಗಿನದನ್ನು ಬಿಡು. ಹೀರೋ ಥರ ಮೊದಲೇ ರಿಸೈನ್ ಮಾಡಿ ಬಂದು ನಿಂತ್ಕೋಬೇಡ."

"ಸರಿ."

"ಮತ್ತೆ ಅಪ್ಪನ ಹತ್ರ ನೀನೇ ಮಾತಾಡು."

"ಅದಕ್ಕೂ ಬಾಯೇ ಬೇಕಲ್ಲ," ಎಂದ. ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

ಮೇಲಿನ ಬೀದಿಯಿಂದ ವನಜಾ ಆಂಟಿಯ ದನಿ ಕೇಳಿತು. ಹೇಳಿದ ಅರ್ಧ ಗಂಟೆ ಇನ್ನೂ ಆಗಿರಲಿಲ್ಲ. "ಏನಾಯ್ತೇ ಸುಮತಿ? ತಿರುಗಿ ತುಳಿದ್ಯಾ?"

"ಬಾಯಲ್ಲೇ ಮುಗೀತು ಆಂಟಿ. ನಮಗೂ ಟೀ ಹೇಳಿ."

ಪ್ರವಾಸ ಮುಗಿದ ಮುಂದಿನ ವಾರವೇ ಸುಮತಿ ಪರ್ತ್‌ಗೆ ಹೋದಳು. ಅಲ್ಲಿ ಭರತೇಶ್ ಅರ್ಜಿ ಹಾಕಿದ ಮೊದಲ ಆಸ್ಪತ್ರೆ ಅವನಿಗೆ ಕೆಲಸ ಕೊಡಲಿಲ್ಲ. ಎರಡನೆಯದು ಕೊಟ್ಟಿತು, ಅವನು ಮೇ ತಿಂಗಳಲ್ಲಿ ಹೊರಟ.