ಜೇಡ ಮಾಡದ ತಪ್ಪು

"ಎಲ್ಲಿ ಅಡಗಿ ಕೂತಿದ್ದೀ? ಹೊರಗೆ ಬಾ!"

ಮನೋರಮಜ್ಜಿ ಕಸ ಗುಡಿಸುವ ಹಿಡಿಸೂಡಿ ಹಿಡಿದು ಮಂಚದ ಅಡಿಯಲ್ಲಿ ಜೇಡ ಹುಡುಕುತ್ತಿದ್ದರು.

ಹೋದ ವಾರ ಮೊಮ್ಮಗಳು ಅಕ್ಷಿತಾಳ ಮೂಗಿನ ಕೆಳಗೆ ಹುಣ್ಣಾಗಿತ್ತು. ಅದು ಒಡೆದು, ಜೇನುಬಣ್ಣದ ಹಕ್ಕಳೆ ಕಟ್ಟಿತು. "ನಿದ್ದೆಯಲ್ಲಿ ಜೇಡ ಉಚ್ಚೆ ಹೊಯ್ದದ್ದು," ಎಂದು ಅಜ್ಜಿ ಅರಶಿನ ಹಚ್ಚಿದ್ದರು. ಈಗ ಅವಳ ತಮ್ಮ ಜಿತೇಶನ ಕೆನ್ನೆಯಲ್ಲೂ ಅಂಥವೇ ಮೂರು!

ಶನಿವಾರ ಶಾಲೆಯಲ್ಲಿ ಫ್ಯಾನ್ಸಿ ಡ್ರೆಸ್. ಜಿತೇಶ ಹಸಿರು ಬಣ್ಣ ಬಳಿದುಕೊಂಡು ಮಟ್ಟುಗುಳ್ಳ ಬದನೆ ಆಗಬೇಕಿತ್ತು. "ಹುಣ್ಣು ಒಣಗುವವರೆಗೆ ಶಾಲೆಗೆ ಬೇಡ," ಎಂದು ಕುಶಲಾ ಟೀಚರ್ ಮನೆಗೆ ಕಳಿಸಿದ್ದರು.

"ಜೇಡಕ್ಕೆ ನನ್ನ ಮೇಲೆ ಎಂತ ಕೋಪ ಅಜ್ಜೀ?" ಜಿತೇಶ ಮುಸುಮುಸು ಅತ್ತ.

ಸಂಜೆ ಕಾಪುವಿನ ಕ್ಲಿನಿಕ್‌ನಲ್ಲಿ ಡಾಕ್ಟರ್ ಸಾಜಿದಾ ಇಬ್ಬರನ್ನೂ ನೋಡಿದರು.

"ಜೇಡ ಅಲ್ಲ ಅಜ್ಜೀ. ಸ್ಟ್ರೆಪ್ಟೊಕಾಕಸ್ ಅಂತ ಬ್ಯಾಕ್ಟೀರಿಯಾ ಉಂಟು, ಅದರಿಂದ ಹೀಗಾಗ್ತದೆ. ಒಬ್ಬರಿಂದ ಒಬ್ಬರಿಗೆ ದಾಟ್ತದೆ. ಮನೆಯಲ್ಲಿ ಎಲ್ಲರಿಗೂ ಒಂದೇ ಬೈರಾಸಾ?"

"ಇಲ್ಲ ಡಾಕ್ಟ್ರೇ! ಮೈ ಒರೆಸಲಿಕ್ಕೆ ಒಬ್ಬೊಬ್ಬರಿಗೆ ಒಂದೊಂದು ಉಂಟು!" ಅಜ್ಜಿಗೆ ಅವಮಾನವಾಯಿತು.

ಅಕ್ಷಿತಾಳ ಕಿವಿ ಬಿಸಿಯಾಯಿತು. ದುಬಾಯಿ ಮಾವ ಜಿತೇಶನಿಗೆ ತಂದ ಆನೆ ಚಿತ್ರದ ಬೈರಾಸು ಬೆಣ್ಣೆಯಷ್ಟು ಮೆತ್ತಗೆ. ಅವನು ಏಳುವ ಮೊದಲೇ ಅದರಲ್ಲಿ ಮುಖ ಒರೆಸಿ, ಏನೂ ಗೊತ್ತಿಲ್ಲದವಳ ಹಾಗೆ ನೇತುಹಾಕುತ್ತಿದ್ದವಳು ಅವಳೇ.

ಡಾಕ್ಟರ್ ಔಷಧಿ, ಮುಲಾಮು ಬರೆದರು. "ಬೈರಾಸು ಬಿಸಿನೀರಲ್ಲಿ ಒಗೀರಿ. ಶನಿವಾರಕ್ಕೆ ಒಣಗಿದ್ರೆ ಇವನು ಗುಳ್ಳ ಆಗಬಹುದು. ಮುಖಕ್ಕೆ ಬಣ್ಣ ಮಾತ್ರ ಬೇಡ."

ಬಸ್ಸಿನಲ್ಲಿ ಜಿತೇಶ ಕೇಳಿದ, "ಅಕ್ಕಾ, ಡಾಕ್ಟರ್ ಹಾಗೆ ಮಾತಾಡು!" ಯಾರ ಸ್ವರವನ್ನಾದರೂ ಅನುಕರಿಸುವ ಅಕ್ಷಿತಾ ಅಂದು ಔಷಧಿ ಚೀಟಿಯನ್ನು ಮಡಚುತ್ತಾ, ಬಿಡಿಸುತ್ತಾ ಕೂತಳು.

ಮನೆಗೆ ಬಂದದ್ದೇ ಅಜ್ಜಿ ಕೂಗಿದರು, "ಸಿಕ್ಕಿತು!" ಕಿಟಕಿಯ ಮೂಲೆಯಲ್ಲಿ ಜೇಡ ಮುದುಡಿ ಕೂತಿತ್ತು.

"ಜೇಡ ಅಲ್ಲ ಅಂತ ಡಾಕ್ಟರ್ ಹೇಳಿದ್ರಲ್ಲಾ?" ಎಂದಳು ಅಕ್ಷಿತಾ.

"ಅವರು ನಮ್ಮ ಜೇಡವನ್ನು ನೋಡಿದ್ದಾರಾ?"

"ಹೊಡೀರಿ ಅಜ್ಜೀ!" ಎಂದ ಜಿತೇಶ.

ಹಿಡಿಸೂಡಿ ಮೇಲೇರಿತು.

"ಬೇಡ!" ಅಕ್ಷಿತಾ ಅಜ್ಜಿಯ ಕೈ ಹಿಡಿದಳು. "ಅದು ಎಂತದೂ ಮಾಡಲಿಲ್ಲ. ಇವನ ಬೈರಾಸಲ್ಲಿ ದಿನಾ ಮುಖ ಒರೆಸಿದ್ದು ನಾನು."

ಜಿತೇಶ ಅಕ್ಕನನ್ನೂ ಜೇಡವನ್ನೂ ಎರಡೆರಡು ಸಲ ನೋಡಿದ.

"ಹಾಗಾದರೆ ನನ್ನ ಗುಳ್ಳದ ಟೊಪ್ಪಿ ನೀನೇ ಮಾಡಿಕೊಡಬೇಕು. ತೊಟ್ಟು ಬೇಕು. ತೊಟ್ಟಿಗೆ ಮುಳ್ಳೂ ಬೇಕು!"

ಶನಿವಾರ ಬೆಳಿಗ್ಗೆ ಮುಳ್ಳುತೊಟ್ಟಿನ ಹಸಿರು ಟೊಪ್ಪಿ ಹಾಕಿಕೊಂಡು, ಒಣಗಿದ ಕೆನ್ನೆಯ ಗುಳ್ಳ ಕುಣಿಯುತ್ತಾ ಹೊರಟಿತು. ಆನೆಯ ಬೈರಾಸು ಅಂಗಳದ ಬಿಸಿಲಲ್ಲಿ ತೂಗುತ್ತಿತ್ತು. ಅಕ್ಷಿತಾ ತನ್ನ ಒರಟು ಬೈರಾಸಿನಲ್ಲಿ ಮುಖ ಒರೆಸಿಕೊಂಡಳು.

ಅಜ್ಜಿ ಕೋಣೆಯಿಡೀ ಗುಡಿಸಿದ್ದರು, ಕಿಟಕಿಯ ಆ ಒಂದು ಮೂಲೆ ಬಿಟ್ಟು.